ಮಾತು ಕಮ್ಮಿ ಇರುವ ಸಿನಿಮಾ

ಕಜೆತಾನ್ ಕ್ರಾಸ್ತಾರ ಮನೆಯಲ್ಲಿ ಸಂಜೆಯ ಜಪಮಾಲೆ ಏಳು ಗಂಟೆಗೆ. ಏಳು ಎಂದರೆ ಏಳು, ಏಳೂ ಐದಲ್ಲ. ಮೂವತ್ತೊಂದು ವರ್ಷ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು ಅವರು. ನಿವೃತ್ತರಾದ ಮೇಲೆ ಸೀಟಿ ಊದುವುದನ್ನು ಬಿಟ್ಟರು, ಊದುವ ಮುಖವನ್ನು ಬಿಡಲಿಲ್ಲ ಎಂದು ಹೆಂಡತಿ ಒಲಿಂಡಾ ಹೇಳುವುದುಂಟು, ಅವರಿಗೆ ಕೇಳಿಸದ ಹಾಗೆ.

ಆಗಸ್ಟಿನ ಎರಡನೇ ಆದಿತ್ಯವಾರ ಜಪಮಾಲೆಯ ಹತ್ತು ಮಣಿಗಳ ಮೂರನೇ ಸುತ್ತು ನಡೆಯುತ್ತಿದ್ದಾಗ ಸೊಸೆ ರೊವೇನಾ ಅಂಗಳದಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಸದ್ದಾಗದಂತೆ ನಾದಿನಿ ನೀತಾಳ ಪಕ್ಕದಲ್ಲಿ ಮೊಣಕಾಲೂರಿದಳು. ಕಜೆತಾನ್ ಮಣಿಯ ಮೇಲೆ ಬೆರಳಿಟ್ಟು ನಿಲ್ಲಿಸಿದರು. ಗೋಡೆಯ ಗಡಿಯಾರ ನೋಡಿದರು, ಸೊಸೆಯನ್ನು ನೋಡಿದರು, ಮತ್ತೆ ಮುಂದುವರಿಸಿದರು. ಎರಡು ಮಾತು ಬೈದಿದ್ದರೆ ಒಳ್ಳೆಯದಿತ್ತು ಎಂದು ಒಲಿಂಡಾಳಿಗೆ ಅನಿಸಿತು. ಬೈದರೆ ಅಲ್ಲಿಗೆ ಮುಗಿಯುತ್ತದೆ. ಬೈಯದೆ ಬಿಟ್ಟದ್ದು ಮನೆಯೊಳಗೆ ಓಡಾಡಿಕೊಂಡಿರುತ್ತದೆ.

ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ ‘ಬೆಸಾಂವ್’ ಎಂದು ಆಶೀರ್ವಾದ ಕೇಳುವುದು ಕ್ರಮ. ಮಗ ಅಲ್ರಾಯ್ ಕೇಳಿದ, ನೀತಾ ಕೇಳಿದಳು. ರೊವೇನಾ ಯಾವತ್ತಿನ ಹಾಗೆ ಅಂದೂ ಕೇಳದೆ ನೆಟ್ಟಗೆ ಅಡುಗೆ ಕೋಣೆಗೆ ನಡೆದಳು. ಅವಳು ಈ ಮನೆಗೆ ಬಂದು ಎಂಟು ತಿಂಗಳು. ಎಂಟು ತಿಂಗಳಲ್ಲಿ ಒಂದೇ ಒಂದು ದಿನ ಅವಳು ಬೆಸಾಂವ್ ಕೇಳಿದವಳಲ್ಲ. ಕಜೆತಾನರ ಲೆಕ್ಕದಲ್ಲಿ ಅದು ಬಾಕಿ ಎಲ್ಲ ತಪ್ಪುಗಳ ತಾಯಿಬೇರು.

ರೊವೇನಾ ಫಿಲಿಪ್ಪೀನ್ಸಿನವಳು, ಅಲ್ಲಿಯ ಇಲೊಇಲೊ ಎಂಬ ಊರಿನವಳು. ಕುವೈತಿನಲ್ಲಿ ಅಲ್ರಾಯ್ ಎ.ಸಿ. ಮೆಕ್ಯಾನಿಕ್, ಅವಳು ಬೇಕರಿಯ ಕೌಂಟರಿನಲ್ಲಿ. ಅಲ್ಲೇ ಇಗರ್ಜಿಯಲ್ಲಿ ಮದುವೆಯಾಯಿತು. ಇಲ್ಲಿಂದಲೂ ಯಾರೂ ಹೋಗಲಿಲ್ಲ, ಅಲ್ಲಿಂದಲೂ ಯಾರೂ ಬರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಅವನ ಕಂಪೆನಿ ಮುಚ್ಚಿದಾಗ ಇಬ್ಬರೂ ಪುತ್ತಿಗೆಯ ಹತ್ತಿರದ ಈ ಮನೆಗೆ ಬಂದರು. ಮನೆಯ ಮಾತು ಕೊಂಕಣಿ. ಸೊಸೆಯೊಂದಿಗೆ ಮಾತ್ರ ಇಂಗ್ಲಿಷ್. ಒಲಿಂಡಾಳ ಇಂಗ್ಲಿಷ್ ಅಡುಗೆ ಕೋಣೆಯ ಹೊಸ್ತಿಲು ದಾಟುವುದಿಲ್ಲ: ‘ಕಟ್’, ‘ವಾಶ್’, ‘ಸ್ಮಾಲ್ ಫಯರ್’. ಅಲ್ರಾಯ್ ಬೆಳಗ್ಗೆ ಎಂಟಕ್ಕೆ ಕುಂಬಳೆಗೆ ಫ್ರಿಜ್ ರಿಪೇರಿಗೆ ಹೋದರೆ ಬರುವುದು ಸಂಜೆ. ನೀತಾ ಬಿ.ಎಡ್. ಓದಲು ಕಾಸರಗೋಡಿಗೆ. ಹಗಲಿಡೀ ಮನೆಯಲ್ಲಿ ಮೂವರು ಮತ್ತು ಮೂರು ಇಂಗ್ಲಿಷ್ ಶಬ್ದ.

ಮರುದಿನ ತೆಂಗಿನಕಾಯಿ ಕೀಳಲು ಬಂದ ಚನಿಯ ಮರದಿಂದ ಇಳಿದು ನೀರು ಕುಡಿಯುತ್ತಾ ಸುದ್ದಿ ಕೊಟ್ಟ. ನಿಮ್ಮ ಸೊಸೆಯಕ್ಕನನ್ನು ವಾಚನಾಲಯದ ಹಾಲಿನಲ್ಲಿ ಬಾಗಿಲ ಸಂದಿಯಿಂದ ನೋಡಿದೆ, ಬಾಗಿಲು ಹಾಕಿತ್ತು, ದೀಪವೂ ಇರಲಿಲ್ಲ, ಸಿನಿಮಾ ಹಾಕಿದ್ದರು, ಒಳಗೆ ಇದ್ದದ್ದು ಎಂಟೋ ಹತ್ತೋ ಗಂಡಸರು ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ಚನಿಯನ ದಾರಿಯಲ್ಲಿ ಇನ್ನೂ ಹನ್ನೆರಡು ಮನೆಗಳ ತೆಂಗಿನ ಮರಗಳಿದ್ದವು.

ಆ ಸಂಜೆ ಊಟಕ್ಕೆ ಕೂತಾಗ ಕಜೆತಾನ್ ಶುರು ಮಾಡಿದರು. “ಲೈಬ್ರೆರಿಗೆ ಅಂತ ಹೇಳಿ ಹೋದದ್ದು ಅವಳು.”

“ಲೈಬ್ರೆರಿಯಲ್ಲೇ ಇದ್ದದ್ದಲ್ವಾ ಪಪ್ಪಾ” ಎಂದ ಅಲ್ರಾಯ್. “ಅಲ್ಲಿ ಫಿಲ್ಮ್ ಸೊಸೈಟಿ ಉಂಟು. ತಿಂಗಳ ಎರಡನೇ ಆದಿತ್ಯವಾರ ಹೊರದೇಶದ ಸಿನಿಮಾ ತೋರಿಸ್ತಾರೆ. ಕೇಶವಪ್ರಸಾದ ಮಾಸ್ಟ್ರು ನಡೆಸುದು.”

“ಕತ್ತಲೆ ಕೋಣೆಯಲ್ಲಿ?”

“ಮತ್ತೆ ಬಿಸಿಲಲ್ಲಿ ತೋರಿಸ್ಲಿಕ್ಕೆ ಆಗ್ತದಾ?”

ನೀತಾಳಿಗೆ ನಗು ಬಂತು. ಅಪ್ಪನ ಮುಖ ನೋಡಿ ಅದನ್ನು ಅನ್ನದ ಜೊತೆ ನುಂಗಿದಳು. ಕಜೆತಾನ್ ಮಗನನ್ನು ಬಿಟ್ಟು ಮಗಳ ಕಡೆ ಕೈ ತೋರಿಸಿದರು. ಇವಳನ್ನು ಹೆಣ್ಣು ಕೇಳಿಕೊಂಡು ಬರುವವರು ಮನೆಗೆ ಬರುವ ಮೊದಲು ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸುತ್ತಾರೆ, ಬಸ್‌ಸ್ಟ್ಯಾಂಡಿನವರು ಏನು ಹೇಳುತ್ತಾರೆ ಎಂದು ಮೂವತ್ತೊಂದು ವರ್ಷ ಅಲ್ಲೇ ಕಳೆದ ನನಗೆ ಗೊತ್ತು ಎಂದರು. ಈ ಮಾತೆಲ್ಲ ಕೊಂಕಣಿಯಲ್ಲಿ, ರೊವೇನಾಳ ತಲೆಯ ಮೇಲಿಂದ ನಡೆಯಿತು. ಅವಳು ಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದಳು. ಆ ಮನೆಯಲ್ಲಿ ಅವಳೆದುರೇ ಅವಳ ಬಗ್ಗೆ ಮಾತಾಡುವುದು ಬೆಕ್ಕಿನೆದುರು ಮೀನಿನ ಮಾತಾಡಿದಷ್ಟು ಸಲೀಸಾಗಿಬಿಟ್ಟಿತ್ತು.

ಅಷ್ಟರಲ್ಲಿ ಅಲ್ರಾಯ್ ತನ್ನ ಸುದ್ದಿಯನ್ನೂ ಹೊರಗೆ ಹಾಕಿದ. ಕುವೈತಿನಿಂದ ಕರೆ ಬಂದಿದೆ. ಹೊಸ ಕಂಪೆನಿ. ಮೊದಲ ಒಂದು ವರ್ಷ ಒಬ್ಬನೇ ಇರಬೇಕು, ಹೆಂಡತಿಯನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಅಕ್ಟೋಬರ್ ಕೊನೆಗೆ ಹೋಗಬೇಕು.

“ಇವಳು?” ಎಂದಳು ಒಲಿಂಡಾ.

“ಇವಳು ಇಲ್ಲಿ. ನಿಮ್ಮ ಜೊತೆ.”

ಅವನು ಅದನ್ನು ಇಂಗ್ಲಿಷಿನಲ್ಲಿ ಹೆಂಡತಿಗೂ ಹೇಳಿದ. ರೊವೇನಾ ತಟ್ಟೆ ಎತ್ತಿಕೊಂಡು ಎದ್ದಳು. ಆಮೇಲೆ ಪಾತ್ರೆ ತೊಳೆಯುವಲ್ಲಿ ಗಂಡ ಹೆಂಡತಿ ಗುಸುಗುಸು ಮಾಡುತ್ತಿದ್ದದ್ದು ಒಲಿಂಡಾಳ ಕಿವಿಗೆ ಬಿತ್ತು. ಅವಳ ಇಂಗ್ಲಿಷಿಗೂ ಅರ್ಥವಾಗುವಷ್ಟು ಸಣ್ಣ ಮಾತು: ನೀನು ಹೋದರೆ ನಾನು ನನ್ನ ಅಮ್ಮನ ಹತ್ತಿರ ಹೋಗುತ್ತೇನೆ, ಇಲ್ಲಿ ಯಾರಿಗಾಗಿ ಇರಲಿ?

ಒಲಿಂಡಾ ತೊಳೆಯಲು ತಂದ ಪಾತ್ರೆಯನ್ನು ಅಲ್ಲೇ ಇಟ್ಟು ಹಿಂದೆ ಸರಿದಳು. ಒಮ್ಮೆ ತಾಯಿಯ ಊರಿಗೆ ಹೋದವಳು, ಅದೂ ಎರಡು ಸಮುದ್ರದ ಆಚೆಗೆ, ತಿರುಗಿ ಬರುವಳೇ? ಬಾರದಿದ್ದರೆ ಮಗನ ಸಂಸಾರ ಅಲ್ಲಿಗೆ ಮುಗಿದ ಹಾಗೆ. ಅವಳು ಅದನ್ನು ಗಂಡನಿಗೆ ಹೇಳಲಿಲ್ಲ. ಹೇಳಿದರೆ ‘ಹೋಗಲಿ ಬಿಡು’ ಎಂದುಬಿಡುತ್ತಾರೋ ಎಂಬ ಹೆದರಿಕೆ.

ಸೆಪ್ಟೆಂಬರಿನಲ್ಲಿ ಅತ್ತೆ ಸೊಸೆಯ ನಡುವೆ ಅನ್ನದ ಜಗಳ ನಡೆಯಿತು. ಜಗಳ ಎಂದರೆ ಮಾತಿಲ್ಲದ ಜಗಳ. ಕುಚ್ಚಲಕ್ಕಿ ರೊವೇನಾಳ ಗಂಟಲಲ್ಲಿ ಇಳಿಯುವುದಿಲ್ಲ. ಅವಳಿಗೆಂದು ಬೆಳ್ತಿಗೆ ಎಂಬ ಬಿಳಿ ಅಕ್ಕಿಯ ಸಣ್ಣ ಪಾತ್ರೆ ಬೇರೆ ಇಡಬೇಕು. ಒಂದೇ ಮನೆಯಲ್ಲಿ ಎರಡು ಅನ್ನವೇ ಎಂದು ಕಜೆತಾನ್ ಗೊಣಗಿದ ದಿನದಿಂದ ಅವಳು ಕುಚ್ಚಲಕ್ಕಿಯನ್ನೇ ಎರಡು ತುತ್ತು ತಿಂದು ಏಳತೊಡಗಿದಳು. ಒಂದು ದಿನ ಅವಳೇ ಹಂದಿಮಾಂಸವನ್ನು ವಿನಿಗರ್, ಬೆಳ್ಳುಳ್ಳಿ, ಸೋಯಾ ಸಾಸ್ ಹಾಕಿ ತನ್ನೂರಿನ ಹಾಗೆ ಬೇಯಿಸಿದಳು. ನೀತಾ ಎರಡು ಸಲ ಹಾಕಿಸಿಕೊಂಡಳು. ಕಜೆತಾನ್ ಮೂಸಿ ನೋಡಿ, ಖಾರವೇ ಇಲ್ಲದ್ದನ್ನು ಮಾಂಸ ಅಂತ ಹೇಗೆ ಹೇಳುವುದು ಎಂದು ಉಪ್ಪಿನಕಾಯಿಯಲ್ಲಿ ಊಟ ಮುಗಿಸಿದರು. ಉಳಿದ ಪದಾರ್ಥವನ್ನು ರೊವೇನಾ ಮೂರು ದಿನ ಬಿಸಿ ಮಾಡಿ ಮಾಡಿ ಒಬ್ಬಳೇ ತಿಂದು ಖಾಲಿ ಮಾಡಿದಳು. ಅದನ್ನು ನೋಡಿಯೂ ಒಲಿಂಡಾ ಒಂದು ತುಂಡು ಬಾಯಿಗೆ ಹಾಕಿಕೊಳ್ಳಲಿಲ್ಲ. ಗಂಡ ಬೇಡವೆಂದದ್ದನ್ನು ತಾನು ತಿಂದರೆ ಅದೊಂದು ಪಕ್ಷ ವಹಿಸಿದ ಹಾಗಲ್ಲವೇ?

ಆ ತಿಂಗಳ ಎರಡನೇ ಆದಿತ್ಯವಾರ ಬಂದಾಗ ಕಜೆತಾನ್ ಒಂದು ಉಪಾಯ ಮಾಡಿದರು. “ನೀನೂ ಹೋಗು” ಎಂದರು ಹೆಂಡತಿಗೆ. “ಅಲ್ಲಿ ಎಂತ ನಡೀತದೆ ಅಂತ ನೋಡಿಕೊಂಡು ಬಾ. ಸರಿ ಇಲ್ಲದಿದ್ರೆ ಇವತ್ತಿಗೇ ಬಂದ್.”

ಹೀಗೆ ಒಲಿಂಡಾ ಅರವತ್ತಮೂರನೇ ವಯಸ್ಸಿನಲ್ಲಿ ಗೂಢಚಾರಿಯಾಗಿ ಸಿನಿಮಾಕ್ಕೆ ಹೊರಟಳು. ಅತ್ತೆ ಬರುತ್ತಾಳೆಂದು ಗೊತ್ತಾದಾಗ ರೊವೇನಾಳ ಮುಖದಲ್ಲಿ ಬಂದ ಸಂತೋಷ ನೋಡಿ ಅವಳಿಗೆ ಅರ್ಧ ದಾರಿಯಲ್ಲೇ ನಾಚಿಕೆಯಾಯಿತು.

ವಾಚನಾಲಯದ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಬಿಳಿ ಬಟ್ಟೆ, ಕಿಟಕಿಗಳಿಗೆ ಕಪ್ಪು ಕಾಗದ. ಹದಿನಾಲ್ಕು ಜನ. ನಿವೃತ್ತ ಡ್ರಾಯಿಂಗ್ ಮಾಸ್ಟ್ರು ಕೇಶವಪ್ರಸಾದರು ಎದ್ದು ನಿಂತು, ನಮ್ಮ ರೊವೇನಾ ಅಕ್ಕನ ದೇಶದ ಚಿತ್ರ ಬೇಕೆಂದು ಎರಡು ತಿಂಗಳಿನಿಂದ ಹುಡುಕುತ್ತಿದ್ದೆ, ಇವತ್ತು ಸಿಕ್ಕಿದೆ, ಸಣ್ಣ ಹಣದಲ್ಲಿ ನಾಲ್ಕು ಜನ ಗೆಳೆಯರು ಸೇರಿ ಮಾಡಿದ್ದು, ಕತೆ ಅಂತ ಹೆಚ್ಚೇನೂ ಇಲ್ಲ, ತಾಳ್ಮೆಯಿಂದ ನೋಡಿ ಎಂದರು. ಎಲ್ಲರೂ ತಿರುಗಿ ರೊವೇನಾಳನ್ನು ನೋಡಿ ಸಣ್ಣಗೆ ಚಪ್ಪಾಳೆ ತಟ್ಟಿದರು. ಮನೆಯಲ್ಲಿ ಹೆಸರು ಹಿಡಿದು ಕರೆಯುವವರಿಲ್ಲದ ಸೊಸೆಗೆ ಇಲ್ಲಿ ‘ಅಕ್ಕ’ ಎನ್ನುವವರಿದ್ದಾರೆ ಎಂಬುದು ಒಲಿಂಡಾಳಿಗೆ ಚುಚ್ಚಿತು.

ಕತೆ ಇಲ್ಲವೆಂದು ಮಾಸ್ಟ್ರು ಹೇಳಿದ್ದು ಸುಳ್ಳಲ್ಲ. ಒಬ್ಬ ಮುದುಕಿ ಒಣಮೀನು ಮಾರುತ್ತಾಳೆ. ಅಕ್ಕಿ ತೊಳೆಯುತ್ತಾಳೆ. ಅಕ್ಕಿ ತೊಳೆದದ್ದನ್ನೇ ಐದು ನಿಮಿಷ ತೋರಿಸಿದರು. ಇದನ್ನು ನೋಡಲು ಬಸ್ಸು ಹತ್ತಿ ಬರಬೇಕಿತ್ತೇ, ಮನೆಯಲ್ಲೇ ದಿನಾ ತೊಳೆಯುತ್ತೇನಲ್ಲ ಎಂದುಕೊಂಡಳು ಒಲಿಂಡಾ. ಮುದುಕಿಯ ಮಗ ದೂರ ದೇಶದಲ್ಲಿ ಹಡಗಿನ ಕೆಲಸದಲ್ಲಿ. ಅವನ ಕೋಣೆಯನ್ನು ಗುಡಿಸುತ್ತಾಳೆ, ಹಾಸಿಗೆಯ ಬಟ್ಟೆ ಒಗೆಯುತ್ತಾಳೆ, ಮಾತಿಲ್ಲ. ಒಲಿಂಡಾಳ ಮನಸ್ಸು ನಿಧಾನಕ್ಕೆ ಅಲ್ಲಿ ನಿಂತಿತು. ಅಲ್ರಾಯ್ ಕುವೈತಿನಲ್ಲಿದ್ದ ಏಳು ವರ್ಷ ತಾನೂ ಯಾರೂ ಮಲಗದ ಮಂಚದ ಬಟ್ಟೆಯನ್ನು ಪ್ರತಿ ಶನಿವಾರ ಒಗೆದವಳೇ.

ಕೊನೆಗೆ ಮಗ ಬರುತ್ತಾನೆ. ಬಾಗಿಲಲ್ಲಿ ಚೀಲ ಇಡುತ್ತಾನೆ. ಮಾತಾಡುವುದಿಲ್ಲ, ತಬ್ಬಿಕೊಳ್ಳುವುದಿಲ್ಲ. ತಾಯಿಯ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು, ಬಗ್ಗಿ, ಆ ಕೈಯ ಹಿಂಭಾಗವನ್ನು ತನ್ನ ಹಣೆಗೆ ಒತ್ತಿಕೊಳ್ಳುತ್ತಾನೆ. ಮುದುಕಿ ಮೆಲ್ಲಗೆ ಏನೋ ಹೇಳುತ್ತಾಳೆ. ಪರದೆಯ ಕೆಳಗೆ ಬಂದ ಇಂಗ್ಲಿಷ್ ಅಕ್ಷರವನ್ನು ಮಾಸ್ಟ್ರು ಕನ್ನಡದಲ್ಲಿ ಹೇಳಿದರು, ದೇವರು ನಿನಗೆ ಕರುಣೆ ತೋರಲಿ ಎಂದು.

ಒಲಿಂಡಾ ಕುರ್ಚಿಯಲ್ಲಿ ನೆಟ್ಟಗಾದಳು. ಡಿಸೆಂಬರಿನ ಆ ಮಧ್ಯಾಹ್ನ ಕಣ್ಣೆದುರು ಬಂತು. ಹೊಸ ಸೊಸೆಯನ್ನು ನೋಡಲು ನೆಂಟರಿಷ್ಟರು ಚಾವಡಿಯಲ್ಲಿ ತುಂಬಿದ್ದರು. ರೊವೇನಾ ನೆಟ್ಟಗೆ ಮಾವನ ಬಳಿ ಹೋಗಿ, ಅವರ ಕೈ ಹಿಡಿದು, ಬಗ್ಗಿದ್ದಳು. ಕಜೆತಾನ್ ಬೆಂಕಿ ಮುಟ್ಟಿದವರ ಹಾಗೆ ಕೈ ಎಳೆದುಕೊಂಡಿದ್ದರು. ಸೊಸೆ ಮಾವನ ಕೈ ಹಿಡಿಯುವುದೆಂದರೇನು, ಅಷ್ಟು ಜನರ ಮುಂದೆ? ಯಾರೋ ಹೆಂಗಸು ಕಿಸಕ್ಕೆಂದಿದ್ದಳು. ರೊವೇನಾಳ ಬಗ್ಗಿದ ಬೆನ್ನು ಒಂದು ಗಳಿಗೆ ಹಾಗೆಯೇ ಇತ್ತು. ಆಮೇಲೆ ಅವಳು ಆ ಮನೆಯಲ್ಲಿ ಯಾರ ಮುಂದೆಯೂ ಬಗ್ಗಲಿಲ್ಲ. ಬೆಸಾಂವ್ ಕೇಳದವಳೆಂದು ಮನೆಯವರು ಎಂಟು ಒಂಬತ್ತು ತಿಂಗಳು ದೂರಿದರು. ಅವಳು ಬಂದ ಮೊದಲ ದಿನವೇ ಕೇಳಿದ್ದಳು, ಕೊಡದವರು ತಾವು.

ವಾಪಸು ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಒಲಿಂಡಾ ತನ್ನ ಕೈಯನ್ನು ಹಣೆಗೆ ಮುಟ್ಟಿಸಿ ತೋರಿಸಿ, “ಅವತ್ತು... ಇದು?” ಎಂದಳು. ರೊವೇನಾ ಹೌದೆಂದು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ಒಲಿಂಡಾ, ಇಂಥ ಮಾತು ಕಮ್ಮಿ ಇರುವ ಸಿನಿಮಾದಲ್ಲಿ ನೀನು ನೋಡುವುದೇನು ಎಂದು ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆಯಲ್ಲಿ ಕೇಳಿದಳು. ರೊವೇನಾ ಸುಲಭವಾದ ಇಂಗ್ಲಿಷಿನಲ್ಲಿ, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು.

“ಇವತ್ತು ಬಿಟ್ರೆ ಬೇರೆ ದಿನ ಬರುವ ಸಿನಿಮಾದ ಭಾಷೆ ಅಲ್ಲಿ ಯಾರಿಗೂ ಬರುದಿಲ್ಲ ಮಮ್ಮಿ. ಎರಡು ಗಂಟೆ ಹೊತ್ತು ಎಲ್ಲರೂ ನನ್ನ ಹಾಗೆ.”

ಅಂದು ಸಂಜೆ ಜಪಮಾಲೆ ಮುಗಿದಾಗ ಒಲಿಂಡಾ ತಾನಾಗಿ ಬಲಗೈ ಮುಂದೆ ಚಾಚಿದಳು. ರೊವೇನಾ ಒಂದು ಕ್ಷಣ ಆ ಕೈಯನ್ನು ನೋಡಿ, ಹಿಡಿದು, ಹಣೆಗೊತ್ತಿಕೊಂಡಳು. ಹಣೆ ಬಿಸಿಯಾಗಿತ್ತು. ನೀತಾ ಬಾಯಿ ಬಿಟ್ಟು ನೋಡಿದಳು. ಕಜೆತಾನ್ ಜಪಮಾಲೆಯನ್ನು ಡಬ್ಬಿಗೆ ಹಾಕಿ ಹೊರಗೆ ನಡೆದರು.

ಒಲಿಂಡಾ ಹಿಂದೆಯೇ ಅಂಗಳಕ್ಕೆ ಹೋಗಿ ಎಲ್ಲವನ್ನೂ ಹೇಳಿದಳು. ಕಜೆತಾನ್ ಬಿದ್ದಿದ್ದ ತೆಂಗಿನ ಗರಿಯೊಂದನ್ನು ಎಳೆದು ಬದಿಗೆ ಹಾಕಿದರು.

“ನನಗೆ ಹೇಗೆ ಗೊತ್ತಾಗುದು?” ಎಂದರು ಕೊನೆಗೆ.

“ಗೊತ್ತಾಗ್ಲಿಕ್ಕೆ ಇಲ್ಲ. ಈಗ ಗೊತ್ತಾಯ್ತಲ್ಲ.”

“ಈಗ ಎಂತ ಮಾಡ್ಬೇಕು? ಅವಳ ಹತ್ರ ತಪ್ಪಾಯ್ತು ಅಂತ ಹೇಳ್ಬೇಕಾ ನಾನು?”

ಅವರ ಸ್ವರ ಏರಿತು. ಒಲಿಂಡಾ ಒಳಗೆ ನಡೆದಳು. ಗಂಡಸಿಗೆ ತಪ್ಪು ಗೊತ್ತಾದ ದಿನ ಸಿಟ್ಟು ಹೆಚ್ಚು ಎಂಬುದು ನಲವತ್ತು ವರ್ಷದ ಸಂಸಾರದಲ್ಲಿ ಅವಳು ಕಲಿತ ಪಾಠ. ಆಮೇಲಿನ ದಿನಗಳಲ್ಲಿ ಅವರು ಸೊಸೆಯನ್ನು ದೂರುವುದನ್ನು ಬಿಟ್ಟರು. ಮಾತಾಡಿಸುವುದನ್ನು ಮಾತ್ರ ಶುರು ಮಾಡಲಿಲ್ಲ. ಅವಳು ಚಾವಡಿಗೆ ಬಂದರೆ ಪೇಪರ್ ಎತ್ತಿಕೊಂಡು ಜಗಲಿಗೆ ಹೋಗುವರು.

ಅಕ್ಟೋಬರ್ ಮೊದಲ ವಾರ ನೀತಾಳಿಗೆ ಸಂಬಂಧ ಬಂತು. ಹುಡುಗ ಬ್ರಯನ್, ಮಂಗಳೂರಿನಲ್ಲಿ ಹೈಸ್ಕೂಲ್ ಮಾಸ್ಟ್ರು. ಮದುವೆಯಾದ ಮೇಲೂ ನೀತಾ ಕೆಲಸಕ್ಕೆ ಹೋಗಬಹುದು ಎಂದಿದ್ದಾನೆ. ನೀತಾಳಿಗೆ ಫೋಟೋ ಇಷ್ಟವಾಗಿತ್ತು. ಅವಳು ಅದನ್ನು ಬಾಯಿಬಿಟ್ಟು ಹೇಳದಿದ್ದರೂ, ಕೇಳದೆಯೇ ಮನೆಯ ಕಿಟಕಿಗಳನ್ನೆಲ್ಲ ಒರೆಸಿದಳು. ಹುಡುಗನ ಕಡೆಯವರು ಬರುವುದು ಆದಿತ್ಯವಾರ ನಾಲ್ಕು ಗಂಟೆಗೆ. ಅದೇ ತಿಂಗಳ ಎರಡನೇ ಆದಿತ್ಯವಾರ.

ಬುಧವಾರ ಮಧ್ಯಾಹ್ನ ರೊವೇನಾ ಬಾಳೆಕಾಯಿ ಹೆಚ್ಚುತ್ತಿದ್ದಳು. ಕಜೆತಾನ್ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಕೊಂಕಣಿಯಲ್ಲಿ ಹೆಂಡತಿಗೆ ಹೇಳಿದರು, “ಅವತ್ತು ಇವಳು ಸಿನಿಮಾಕ್ಕೆ ಹೋಗ್ಲಿ. ನಾನೇ ಹೇಳ್ತೇನೆ ಹೋಗು ಅಂತ.”

“ನೀವು?”

“ಹುಡುಗನ ದೊಡ್ಡಮ್ಮ ಟ್ರೀಜಾ ಬರ್ತಾಳೆ. ಅವಳ ಬಾಯಿ ನಿನಗೆ ಗೊತ್ತುಂಟಲ್ಲ. ಇವಳನ್ನು ನೋಡಿದ್ರೆ ಎಲ್ಲಿಂದ ತಂದದ್ದು, ಹೇಗೆ ತಂದದ್ದು ಅಂತ ಶುರು ಮಾಡ್ತಾಳೆ. ನೀತಾಳ ವಿಷಯ ಅಲ್ಲಿಗೇ ಬಿಟ್ಟುಹೋಗ್ತದೆ. ಎರಡು ಗಂಟೆ ಇವಳು ಇಲ್ಲದಿದ್ರೆ ಆಯ್ತು. ಇವಳಿಗೂ ಸಂತೋಷ, ನಮಗೂ ತೊಂದರೆ ಇಲ್ಲ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಲಿಂಡಾ ಬೇಡವೆನ್ನಬೇಕಿತ್ತು, ಎನ್ನಲಿಲ್ಲ. ನೀತಾ ಕಿಟಕಿ ಒರೆಸಿದ್ದು ನೆನಪಾಯಿತು. ಇಪ್ಪತ್ತಾರು ತುಂಬುವ ಮಗಳು. ತಕ್ಕಡಿಯ ಒಂದು ತಟ್ಟೆಯಲ್ಲಿ ಮಗಳು, ಇನ್ನೊಂದರಲ್ಲಿ ಸೊಸೆಯ ಎರಡು ಗಂಟೆ. ರೊವೇನಾ ಬಾಳೆಕಾಯಿಯ ಸಿಪ್ಪೆಯನ್ನು ಒಟ್ಟು ಮಾಡಿ ಬುಟ್ಟಿಗೆ ಹಾಕಿದಳು.

ಮಾತಿನಂತೆ ಕಜೆತಾನ್ ಶನಿವಾರ ಸೊಸೆಯನ್ನು ಕರೆದು, ಬಸ್ಸಿನ ಹೊತ್ತು ಸಮೇತ, ನಾಳೆ ಸಿನಿಮಾಕ್ಕೆ ಹೋಗಿ ಬಾ ಎಂದು ತಮ್ಮ ಬಸ್ಸಿನ ಇಂಗ್ಲಿಷಿನಲ್ಲಿ ಹೇಳಿದರು. ತಿಂಗಳುಗಳ ನಂತರ ಅವರು ಅವಳೊಂದಿಗೆ ಆಡಿದ ಮೊದಲ ಉದ್ದ ಮಾತು ಅದು. “ಥ್ಯಾಂಕ್ಯೂ ಪಪ್ಪಾ” ಎಂದಳು ರೊವೇನಾ. ಬಾಗಿಲ ಹಿಂದೆ ನಿಂತಿದ್ದ ಒಲಿಂಡಾಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಅಲ್ರಾಯ್ ಸುಮ್ಮನಿರಲಿಲ್ಲ. ಇದು ಸರಿಯಲ್ಲ ಎಂದು ಅಪ್ಪನೊಂದಿಗೆ ಜಗಳಕ್ಕೆ ನಿಂತ. ಮೂರು ವಾರದಲ್ಲಿ ಹೊರಟು ಹೋಗುವವನು ನೀನು, ತಂಗಿಯ ಮದುವೆಯ ಜವಾಬ್ದಾರಿ ಹೊರುವವನು ನಾನು ಎಂದು ಕಜೆತಾನ್ ಅವನ ಬಾಯಿ ಮುಚ್ಚಿಸಿದರು. ನೀತಾ ಇಬ್ಬರ ನಡುವೆ ಕಣ್ಣು ತುಂಬಿಕೊಂಡು ನಿಂತಳು. ಅವಳಿಗೆ ಅತ್ತಿಗೆಯ ಮೇಲೆ ಪ್ರೀತಿಯೂ ಉಂಟು, ಸಂಬಂಧದ ಮೇಲೆ ಆಸೆಯೂ ಉಂಟು. ಎರಡರಲ್ಲಿ ಒಂದನ್ನು ಬಿಡು ಎಂದರೆ ಯಾವುದನ್ನು ಬಿಟ್ಟಾಳು?

ಆದಿತ್ಯವಾರ ಮೂರರ ಬಸ್ಸಿಗೆ ರೊವೇನಾ ನೀಲಿ ಚೂಡಿದಾರ ಹಾಕಿಕೊಂಡು ಹೊರಟಳು. ನಾಲ್ಕಕ್ಕೆ ಕಾರು ಬಂತು. ಬ್ರಯನ್, ಅವನ ತಂದೆ ತಾಯಿ, ದೊಡ್ಡಮ್ಮ ಟ್ರೀಜಾ. ಹುಡುಗ ಒಳ್ಳೆಯವನ ಹಾಗೆಯೇ ಇದ್ದ, ಚಾ ಕೊಟ್ಟಾಗ ಎದ್ದು ನಿಂತು ತೆಗೆದುಕೊಂಡ. ನೀತಾ ಅವನೊಂದಿಗೆ ಶಾಲೆಯ ಮಾತು ಆಡುತ್ತಾ ನಗತೊಡಗಿದಳು. ಎಲ್ಲ ಸುಸೂತ್ರವಾಗಿ ನಡೆಯಿತು, ಅರ್ಧ ಗಂಟೆ.

ಪತ್ರೊಡೆಯ ತಟ್ಟೆಯನ್ನು ಕೈಯಲ್ಲಿ ಹಿಡಿದ ಟ್ರೀಜಾ ಮನೆಯನ್ನೆಲ್ಲ ಒಮ್ಮೆ ನೋಡಿ ಕೇಳಿದಳು, “ನಿಮ್ಮ ಸೊಸೆ ಎಲ್ಲಿ? ಹೊರದೇಶದವಳಂತಲ್ಲ. ಕಾಣುದಿಲ್ಲ.”

ಅಲ್ರಾಯ್ ಬಾಯಿ ತೆರೆಯುವ ಮೊದಲೇ ಕಜೆತಾನ್ ಉತ್ತರ ಕೊಟ್ಟರು. “ಅವಳು ಅವಳ ಊರಿಗೆ ಹೋಗಿದ್ದಾಳೆ.”

ಮನೆಯಲ್ಲಿಲ್ಲ ಎಂದರೆ ಸಾಕಿತ್ತು. ಪೇಟೆಗೆ ಹೋಗಿದ್ದಾಳೆ ಎಂದಿದ್ದರೂ ನಡೆಯುತ್ತಿತ್ತು. ಆದರೆ ಬಾಯಿಗೆ ಬಂದದ್ದು ಅದು.

“ಓ. ತಿರುಗಿ ಬರ್ತಾಳಾ?”

“ಹೇಳ್ಲಿಕ್ಕೆ ಆಗುದಿಲ್ಲ” ಎಂದರು ಕಜೆತಾನ್.

ಟ್ರೀಜಾ ಅರ್ಥವಾಯಿತೆಂಬಂತೆ ತಲೆದೂಗಿ, ಹಾಗೆ ಹೋಗಿಬಿಟ್ಟರೆ ಒಂದು ಲೆಕ್ಕದಲ್ಲಿ ಒಳ್ಳೆಯದೇ, ನಿಮ್ಮ ಮಗನಿಗೆ ನಮ್ಮವರಲ್ಲೇ ನೋಡಬಹುದಲ್ಲ ಎಂದಳು. ಅವಳು ಅದನ್ನು ಸಮಾಧಾನಕ್ಕೆಂದೇ ಹೇಳಿದ್ದು.

ಒಲಿಂಡಾಳ ಕೈಯಲ್ಲಿ ಚಾದ ಕೆಟ್ಲ್ ಇತ್ತು. ಅದನ್ನು ಮೇಜಿನ ಮೇಲಿಟ್ಟಳು.

“ಅವಳು ಊರಿಗೆ ಹೋಗ್ಲಿಲ್ಲ” ಎಂದಳು. “ಪುತ್ತಿಗೆಯ ಲೈಬ್ರೆರಿಗೆ ಸಿನಿಮಾ ನೋಡ್ಲಿಕ್ಕೆ ಹೋಗಿದ್ದಾಳೆ. ನೀವು ನೋಡ್ಬಾರದು ಅಂತ ನಾವೇ ಕಳಿಸಿದ್ದು. ಆರೂವರೆಯ ಬಸ್ಸಿಗೆ ಬರ್ತಾಳೆ. ಅವಳು ಈ ಮನೆಯ ಸೊಸೆ.”

ಟ್ರೀಜಾ ಪತ್ರೊಡೆಯ ತಟ್ಟೆಯನ್ನು ಕೆಳಗಿಟ್ಟಳು. ಕಜೆತಾನರ ಮುಖದ ಬಣ್ಣ ಹೋಯಿತು. ಮೂವತ್ತೊಂದು ವರ್ಷ ಒಂದು ಟಿಕೆಟಿನ ಲೆಕ್ಕ ತಪ್ಪದವರು ಹೆಂಡತಿಯ ಬಾಯಿಂದ ನೆಂಟರ ಮುಂದೆ ಸುಳ್ಳುಗಾರರಾದರು. ಬ್ರಯನ್‌ನ ತಂದೆ ಕೆಮ್ಮಿ, ಸ್ವಲ್ಪ ಹೊತ್ತು ಹವೆಯ ವಿಷಯ, ದಾರಿಯ ವಿಷಯ ಮಾತಾಡಿ ಎದ್ದರು. ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದರು. ಬ್ರಯನ್ ಹೋಗುವಾಗ ನೀತಾಳಿಗೆ ಏನೋ ಹೇಳಲು ನಿಂತ. ತಾಯಿ ಕರೆದಳು, ಹೋದ.

ಕಾರು ತಿರುವು ದಾಟುವವರೆಗೆ ಯಾರೂ ಅಲುಗಲಿಲ್ಲ.

“ಒಂದು ಗಂಟೆ ಬಾಯಿ ಮುಚ್ಚಿ ಇರ್ಲಿಕ್ಕೆ ಆಗ್ಲಿಲ್ವಾ ಮಮ್ಮಿ ನಿಮಗೆ?” ಎಂದಳು ನೀತಾ.

ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಕಜೆತಾನ್ ಹೆಂಡತಿಯನ್ನು ನೋಡಲೇ ಇಲ್ಲ. ಸೊಸೆಯನ್ನು ಉಳಿಸಲು ಹೋಗಿ ಮಗಳನ್ನು ಕಳೆದುಕೊಂಡೆನೋ ಎಂದು ಒಲಿಂಡಾ ಒಲೆಯ ಮುಂದೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮತ್ತೆ ಎದ್ದು, ಸಣ್ಣ ಪಾತ್ರೆಯಲ್ಲಿ ಬೆಳ್ತಿಗೆ ಅನ್ನಕ್ಕೆ ಇಟ್ಟಳು. ಅತ್ತರೂ ಅನ್ನ ಬೇಯಲೇಬೇಕಲ್ಲ.

ರೊವೇನಾ ಬಂದಳು. ಜಪಮಾಲೆ ನಡೆಯಿತು. ಆ ದಿನ ಯಾರೂ ಬೆಸಾಂವ್ ಕೇಳಲಿಲ್ಲ, ನೀತಾ ಸಹ. ಎಂಟು ಗಂಟೆಗೆ ಎಲ್ಲರೂ ಊಟಕ್ಕೆ ಕೂತರು. ಬಂಗುಡೆ ಗಸಿ, ಉಳಿದ ಪತ್ರೊಡೆ, ಎರಡು ಅನ್ನ.

ರೊವೇನಾ ತುತ್ತು ನುಂಗಿ, ತಲೆಯೆತ್ತಿ ಕೇಳಿದಳು, “ಅವರು ನನ್ನನ್ನು ಕೇಳಿದ್ರಾ?”

ಎಲ್ಲರ ಕೈ ನಿಂತಿತು. ಅವಳು ಕೇಳಿದ್ದು ಕೊಂಕಣಿಯಲ್ಲಿ. ಸ್ವಲ್ಪ ಒತ್ತು ತಪ್ಪಿತ್ತು, ಮಾತು ತಪ್ಪಿರಲಿಲ್ಲ.

“ನಿನಗೆ ಅರ್ಥ ಆಗ್ತದಾ?” ಎಂದ ಅಲ್ರಾಯ್. ಗಂಡನಿಗೇ ಗೊತ್ತಿರಲಿಲ್ಲ.

“ಹತ್ತು ತಿಂಗಳಾಯ್ತು. ನೀವು ಯಾವಾಗ್ಲೂ ನನ್ನ ಬಗ್ಗೆಯೇ ಮಾತಾಡುದು. ಕಲಿಯುದು ಕಷ್ಟ ಆಗ್ಲಿಲ್ಲ.” ಅವಳು ಮಾವನ ಕಡೆ ತಿರುಗಿದಳು. “ಬುಧವಾರ ನಾನು ಅಡುಗೆ ಕೋಣೆಯಲ್ಲೇ ಇದ್ದೆ ಪಪ್ಪಾ.”

ಒಲಿಂಡಾಳಿಗೆ ಮುಖ ಎತ್ತಲಾಗಲಿಲ್ಲ. ಎಲ್ಲ ಗೊತ್ತಿದ್ದೂ ಅವಳು ಥ್ಯಾಂಕ್ಯೂ ಎಂದಿದ್ದಳು. ಎಲ್ಲ ಗೊತ್ತಿದ್ದೂ ನೀಲಿ ಚೂಡಿದಾರ ಹಾಕಿಕೊಂಡು, ಹೊತ್ತಿಗೆ ಸರಿಯಾಗಿ ಮನೆಯಿಂದ ಹೊರಗೆ ಹೋಗಿದ್ದಳು, ನೀತಾಳಿಗಾಗಿ. ನೀತಾ ತಟ್ಟೆಯ ಮೇಲೆ ಬಗ್ಗಿ ಅಳತೊಡಗಿದಳು.

ಕಜೆತಾನ್ ನೀರು ಕುಡಿದು ಲೋಟ ಕೆಳಗಿಟ್ಟರು.




ಎದ್ದು ಹೋಗುತ್ತಾರೆ ಎಂದುಕೊಂಡಳು ಒಲಿಂಡಾ. ಅವರು ಏಳಲಿಲ್ಲ.

“ಕೇಳಿದ್ರು” ಎಂದರು. “ನಾನು ಸುಳ್ಳು ಹೇಳಿದೆ. ನೀನು ನಿನ್ನ ಊರಿಗೆ ಹೋದೆ, ತಿರುಗಿ ಬರ್ತೀಯೋ ಇಲ್ವೋ ಗೊತ್ತಿಲ್ಲ ಅಂತ ಹೇಳಿದೆ. ಇವಳು ಅಲ್ಲ ಅಂದಳು.”

ರೊವೇನಾಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು. ಅವಳು ಅನ್ನವನ್ನು ಬೆರಳಲ್ಲಿ ಒಟ್ಟು ಮಾಡುತ್ತಾ ಹೇಳಿದಳು.

“ನಾನೂ ಸುಳ್ಳು ಹೇಳ್ತೇನೆ ಪಪ್ಪಾ. ಪ್ರತಿ ಆದಿತ್ಯವಾರ ನನ್ನ ಅಮ್ಮನಿಗೆ ಫೋನ್ ಮಾಡಿ ಹೇಳ್ತೇನೆ, ಇಲ್ಲಿ ಎಲ್ಲರಿಗೂ ನಾನು ಅಂದ್ರೆ ಪ್ರೀತಿ ಅಂತ. ನನ್ನ ಅಡುಗೆ ಮಾವನಿಗೆ ಇಷ್ಟ ಅಂತ. ಹತ್ತು ತಿಂಗಳಿನಿಂದ ಹೇಳ್ತಾ ಇದ್ದೇನೆ.”

ಕಜೆತಾನ್ ಮಗನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಯಾರೂ ಅವರ ಸಹಾಯಕ್ಕೆ ಬರಲಿಲ್ಲ.

“ನಮ್ಮಲ್ಲಿ ಮದುವೆ ದಿವಸ ಹುಡುಗಿಯನ್ನು ಕೈ ಹಿಡಿದು ಒಪ್ಪಿಸಿ ಕೊಡುವ ಕ್ರಮ ಉಂಟು” ಎಂದರು ಕೊನೆಗೆ, ಸೊಸೆಗೆ ಅರ್ಥವಾಗಲೆಂದು ನಿಧಾನಕ್ಕೆ, ಒಂದೊಂದೇ ಶಬ್ದ ಬಿಡಿಸಿ. “ಹುಡುಗಿಯ ಮನೆಯವರು ಹೇಳ್ತಾರೆ, ಇವಳನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ. ಹುಡುಗನ ತಂದೆ ಎಲ್ಲರ ಮುಂದೆ ಹೂಂ ಅನ್ಬೇಕು. ನಿನ್ನನ್ನು ಯಾರೂ ನಮಗೆ ಒಪ್ಪಿಸ್ಲಿಲ್ಲ. ನಾನೂ ಹೂಂ ಅನ್ಲಿಲ್ಲ.” ಅವರು ತಡೆದು ಕೇಳಿದರು, “ನಿನ್ನ ಅಮ್ಮನಿಗೆ ಈಗ ಅಲ್ಲಿ ಎಷ್ಟು ಗಂಟೆ?”

“ಹತ್ತೂವರೆ. ಮಲಗಿರ್ತಾಳೆ.”

“ಹಾಗಾದ್ರೆ ನಾಳೆ ಬೆಳಗ್ಗೆ ಫೋನ್ ಮಾಡು. ನನಗೆ ಅವಳ ಹತ್ರ ಮಾತಾಡ್ಲಿಕ್ಕುಂಟು.”

“ಅವಳಿಗೆ ಕೊಂಕಣಿ ಬರುದಿಲ್ಲ, ಪಪ್ಪಾ.”

“ನನಗೆ ಅವಳದ್ದೂ ಬರುದಿಲ್ಲ. ನಡುವಿನಲ್ಲಿ ನೀನು ಹೇಳು” ಎಂದರು ಕಜೆತಾನ್. “ಈ ಸಲ ಸುಳ್ಳು ಸೇರಿಸಬೇಡ.”